ಬೀಗದ ಗುರುತೂ ಹುಸಿ ಅಂಗಡಿಯೂ

ಗಣಕಯಂತ್ರವೇ ಜೀವನೋಪಾಯವಾಗಿರುವ ಕುಂದಲಹಳ್ಳಿಯ ವಿದ್ಯಾವಂತರೂ ಅಂತರ್ಜಾಲದ ಹುಸಿ ಅಂಗಡಿಗಳಿಗೆ ಮರುಳಾಗುವುದುಂಟು. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಕಂಡರೆ ಸಾಕೆಂಬ ನಂಬಿಕೆಯೇ ಇದಕ್ಕೆ ಬಹುಮಟ್ಟಿಗೆ ಕಾರಣವೆಂದು ನಾವು ಭಾವಿಸುತ್ತೇವೆ. ಆ ಬೀಗವು ನಾವು ಕಳುಹಿಸುವ ವಿವರಗಳು ದಾರಿಯಲ್ಲಿ ಸೋರದಂತೆ ಕಾಯುವುದೇ ಹೊರತು ಅಂಗಡಿಯವನ ಪ್ರಾಮಾಣಿಕತೆಗೆ ಹೊಣೆಯಲ್ಲ. ಕಳ್ಳನೂ ಅದನ್ನು ಬಿಟ್ಟಿಯಾಗಿ ಪಡೆಯಬಲ್ಲನು. ಸಂಸ್ಥೆಯ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ದೂರು ಕೇಳುವ ಅಧಿಕಾರಿಯ ಹೆಸರು ಇವೆಲ್ಲವೂ ತಾಣದಲ್ಲಿ ಕಾಣತಕ್ಕದ್ದೆಂದು ೨೦೨೦ನೆಯ ಇಸವಿಯ ಇ-ವಾಣಿಜ್ಯ ನಿಯಮಗಳು ವಿಧಿಸಿವೆ. ಅವಾವುವೂ ಇಲ್ಲದೆ ಮುಂಗಡ ಹಣವನ್ನು ಮಾತ್ರ ಕೇಳುವವನ ಅರ್ಧ ಬೆಲೆಯ ಸೀರೆಗೆ ಆಸೆಪಡುವುದೇತಕ್ಕೆ? ಬರೆದಿದ್ದರೂ ವಿಚಾರಿಸಿಯೇ ನಂಬಬೇಕು. ಹಣ ಕಳೆದುಕೊಂಡವರು ನಾಚಿ ಸುಮ್ಮನಿರದೆ ಒಡನೆಯೇ ೧೯೩೦ ಸಂಖ್ಯೆಗೆ ದೂರವಾಣಿ ಮಾಡತಕ್ಕದ್ದು. ಹಣವು ಖಾತೆಯಿಂದ ಖಾತೆಗೆ ಜಾರಿಬಿಟ್ಟರೆ ತಡೆಹಿಡಿಯುವುದು ದುಸ್ತರ.