ಕಾರಿನ ನೆತ್ತಿಯ ಮೇಲೊಂದು ಮನೆ ಬೇಕಾ?

ರೂಫ್‌ಟಾಪ್ ಟೆಂಟ್‌ನ ರೀಲ್ ನೋಡದವರು ಈಗ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಉಳಿದಿಲ್ಲ. ಕಾರು ನಿಲ್ಲುತ್ತೆ, ನೆತ್ತಿಯ ಮೇಲಿನ ಪೆಟ್ಟಿಗೆ ಬಿಚ್ಚಿಕೊಳ್ಳುತ್ತೆ, ಏಣಿ ಕೆಳಗಿಳಿಯುತ್ತೆ. ಹಿಂದೆ ಬೆಟ್ಟ, ಕೈಯಲ್ಲಿ ಕಾಫಿ ಲೋಟ. ಕೆಳಗೊಂದು ಕಾಮೆಂಟು: “ಮಗಾ, ಕೆಲಸ ಸಿಕ್ಕಿದ ಮೇಲೆ ಮೊದಲು ಇದೇ.” ಕೆಲಸ ಸಿಗೋ ತನಕ ಯಾಕೆ ಕಾಯ್ಬೇಕು, ನಾಲ್ಕು ಜನ ದುಡ್ಡು ಹಾಕಿ ಒಂದು ತಗೊಂಡು ವೀಕೆಂಡ್‌ಗೆ ಕೋಲಾರದ ಬೆಟ್ಟಗಳ ಕಡೆ ಹೋಗೋಣ ಅನ್ನುವವರೂ ಇದ್ದಾರೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸುತ್ತ ಒಂದೆರಡು ರಾತ್ರಿ ಕಳೆಯಲು ಇದು ದುಡ್ಡು ದಂಡ. ಟೆಂಟ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಅದು ಬಗೆಹರಿಸುವ ತೊಂದರೆಗಳು ಇಲ್ಲಿಲ್ಲ, ಇಲ್ಲಿರುವ ತೊಂದರೆಗಳನ್ನು ಅದು ಬಗೆಹರಿಸಲ್ಲ, ಅಷ್ಟೇ.

ನೆಲ ಬಿಟ್ಟು ಮೇಲೆ ಮಲಗುವ ಯೋಚನೆ ನಮಗೆ ಹೊಸದೇನಲ್ಲ. ಹೊಲಕ್ಕೆ ಹಂದಿ ನುಗ್ಗದಂತೆ ಕಾಯಲು ನಮ್ಮ ರೈತರು ಅಟ್ಟಣೆ ಕಟ್ಟಿ ಅದರ ಮೇಲೆ ರಾತ್ರಿ ಕಳೆದವರೇ. ಕಾರಿನ ಮೇಲೆ ಅದನ್ನು ಕೂರಿಸಿ ಮಾರಲು ಶುರುಮಾಡಿದವರಲ್ಲಿ ಇಟಲಿಯವರು ಮೊದಲಿಗರು, 1950ರ ದಶಕದ ಕೊನೆಯಲ್ಲಿ. ಮುಂದೆ ಪೂರ್ವ ಜರ್ಮನಿಯ ಪುಟ್ಟ ಟ್ರಾಬಂಟ್ ಕಾರಿನ ಮೇಲೂ ಟೆಂಟ್ ಕೂತಿತು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ಇದು ನಿಜಕ್ಕೂ ನೆಲೆಯೂರಿದ್ದಕ್ಕೆ ಕಾರಣ ಇದೆ. ಅಲ್ಲಿ ಜನ ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸುತ್ತಾರೆ, ದಿನಾ ಸಂಜೆ ಹೊಸ ಜಾಗದಲ್ಲಿ ತಂಗುತ್ತಾರೆ. ಹಾಸಿಗೆ ಸಮೇತ ಐದು ನಿಮಿಷದಲ್ಲಿ ಬಿಚ್ಚುವ ಮನೆ ಅಂಥವರಿಗೆ ವರ. ಹಾವು, ಚೇಳು, ಕೆಸರು ಯಾವುದರ ಚಿಂತೆಯೂ ಇಲ್ಲ. ಕೋಲಾರದ ಬಂಡೆಯ ಮೇಲೆ ಟೆಂಟಿನ ಗೂಟ ಇಳಿಯಲ್ಲ ಎನ್ನುವುದೂ ಇದರ ಪರವಾದ ಮಾತೇ. ಇಷ್ಟನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ.

ಎಂಜಿನಿಯರಿಂಗ್ ಓದುವವರು ನಾವು, ಲೆಕ್ಕದಿಂದಲೇ ಶುರುಮಾಡೋಣ. ಸಣ್ಣ ಕಾರುಗಳ ಚಾವಣಿ, ಓಡುವಾಗ ಹೊರಬಹುದಾದ ಭಾರ ಸಾಮಾನ್ಯವಾಗಿ 50ರಿಂದ 75 ಕೆ.ಜಿ. ಟೆಂಟಿನ ತೂಕ 45ರಿಂದ 80 ಕೆ.ಜಿ. ಅದರ ಜೊತೆಗೆ ಅಡ್ಡಪಟ್ಟಿಗಳ ತೂಕವೂ ಸೇರುತ್ತೆ. ಅಂದರೆ ಎಷ್ಟೋ ಕಾರುಗಳಲ್ಲಿ ಖಾಲಿ ಟೆಂಟ್ ಇಟ್ಟಾಗಲೇ ಮಿತಿ ಮುಗಿದಿರುತ್ತೆ. ನಿಂತ ಕಾರಿನ ಕಥೆ ಬೇರೆ. ಆಗ ಚಾವಣಿ ಇದರ ಕೆಲವು ಪಟ್ಟು ಭಾರ ತಡೆಯುತ್ತೆ, ಅದಕ್ಕೇ ಇಬ್ಬರು ಮಲಗಿದರೂ ತಗಡು ಕುಸಿಯಲ್ಲ. ಆದರೆ ಆ ಜಾಗಕ್ಕೆ ಓಡಿಸಿಕೊಂಡೇ ಹೋಗಬೇಕಲ್ಲ? ಇನ್ನೊಂದು ವಿಷಯ, ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳ ರೂಫ್ ರೇಲ್ ಬರೀ ಶೋಗೆ ಇರುವಂಥದ್ದು. ಮ್ಯಾನುಯಲ್‌ನಲ್ಲಿ ಭಾರದ ಅಂಕಿ ಇಲ್ಲದಿದ್ದರೆ ಅದರ ಮೇಲೆ ಏನನ್ನೂ ಕಟ್ಟಬೇಡಿ.

ಗುರುತ್ವ ಕೇಂದ್ರದ ಲೆಕ್ಕ ಇನ್ನೂ ಮಜವಾಗಿದೆ. 1000 ಕೆ.ಜಿ. ಕಾರಿನ ಗುರುತ್ವ ಕೇಂದ್ರ ನೆಲದಿಂದ 0.55 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 1.65 ಮೀಟರ್ ಎತ್ತರದಲ್ಲಿ 60 ಕೆ.ಜಿ. ಟೆಂಟ್ ಇಟ್ಟರೆ ಅದು 0.61 ಮೀಟರ್‌ಗೆ ಏರುತ್ತೆ. ತೂಕ ಹೆಚ್ಚಿದ್ದು ಶೇ. 6, ಎತ್ತರ ಹೆಚ್ಚಿದ್ದು ಸುಮಾರು ಶೇ. 11. ಹೆದ್ದಾರಿ 75ರಲ್ಲಿ ನೆಟ್ಟಗೆ ಹೋಗುವಾಗ ಇದು ಗೊತ್ತಾಗಲ್ಲ. ಬೆಟ್ಟದ ತಿರುವಿನಲ್ಲಿ ನಾಯಿ ಅಡ್ಡ ಬಂದು ಸ್ಟೀರಿಂಗ್ ಜಗ್ಗಿದಾಗ ಗೊತ್ತಾಗುತ್ತೆ. ಗಾಳಿಯ ಪ್ರತಿರೋಧವೂ ಬಿಡಲ್ಲ. ಅದು ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುತ್ತೆ, 60ರಿಂದ 100ಕ್ಕೆ ಹೋದರೆ ಸುಮಾರು 2.8 ಪಟ್ಟು. ಅದರ ಮೇಲೆ ಎದುರಿನ ವಿಸ್ತೀರ್ಣವನ್ನೂ ನಾವೇ ಹೆಚ್ಚಿಸಿ, ಆಮೇಲೆ ಪೆಟ್ರೋಲ್ ಬಂಕ್‌ನಲ್ಲಿ ನಿಂತು ಮೈಲೇಜ್ ಯಾಕೆ ಬೀಳ್ತಿದೆ ಅಂತ ತಲೆ ಕೆರೆದುಕೊಳ್ಳಬಾರದು.

ಈಗ ದುಡ್ಡಿಗೆ ಬರೋಣ. ಬೆಲೆ ಲಕ್ಷದ ಆಸುಪಾಸು ಎಂದಿಟ್ಟುಕೊಳ್ಳಿ. ವರ್ಷಕ್ಕೆ ನಾಲ್ಕು ರಾತ್ರಿಯಂತೆ ಐದು ವರ್ಷ ಬಳಸಿದರೆ ಇಪ್ಪತ್ತು ರಾತ್ರಿ. ರಾತ್ರಿಯೊಂದಕ್ಕೆ 5,000 ರೂಪಾಯಿ. ಅಷ್ಟು ಕೊಟ್ಟು ಬಯಲಲ್ಲಿ ಮಲಗುವುದು! ಉಳಿದ ದಿನಗಳಲ್ಲಿ ಅದನ್ನು ಇಳಿಸಿಡಲು ಜಾಗ ಬೇಕು, ಇಳಿಸಲು ಇಬ್ಬರು ಗಟ್ಟಿ ಆಳು ಬೇಕು. ಹಾಸ್ಟೆಲ್ ರೂಮಿನಲ್ಲಿ ಅದು ಮಂಚದ ಕೆಳಗೂ ಹೋಗಲ್ಲ. ಎಲ್ಲಕ್ಕಿಂತ ದೊಡ್ಡ ತಮಾಷೆ ಅಂದ್ರೆ, ನಾಲ್ಕು ಜನ ದುಡ್ಡು ಹಾಕಿ ತಗೊಂಡ ಟೆಂಟ್‌ನಲ್ಲಿ ಮಲಗುವವರು ಇಬ್ಬರೇ, ಒತ್ತಿಕೊಂಡರೆ ಮೂವರು. ಉಳಿದವರು ಎಲ್ಲಿ ಮಲಗ್ತಾರೆ?

ಲೆಕ್ಕ ಒಂದು ಕಡೆ ಇರಲಿ, ನಮ್ಮ ಬೆಟ್ಟಗಳ ಸ್ವಭಾವವನ್ನೇ ನೋಡಿ. ಕೋಲಾರದ ಅಂತರಗಂಗೆಯಲ್ಲಿ ಕಾರು ಬೆಟ್ಟದ ಬುಡದಲ್ಲೇ ನಿಲ್ಲುತ್ತೆ. ಬಸವನ ಬಾಯಿಂದ ನೀರು ಬೀಳುವ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಬೇಕು, ಗುಹೆಗಳಿಗೆ ಬಂಡೆಗಳ ಸಂದಿಯಲ್ಲಿ ತೂರಬೇಕು. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲೂ ಹಾಗೇ, ಬೆಟ್ಟದ ಮೇಲಿನ ಸೀತೆಯ ಗುಡಿಗೆ ಕಾಲೇ ಗತಿ. ಇಲ್ಲಿ ನೋಡಬೇಕಾದ್ದೆಲ್ಲ ಕಾರು ನಿಲ್ಲುವ ಕಡೆಯಿಂದ ಆಚೆಗಿದೆ. ಲಕ್ಷ ರೂಪಾಯಿಯ ಟೆಂಟ್ ಪಾರ್ಕಿಂಗ್ ಜಾಗದಲ್ಲಿ ಉಳಿಯುತ್ತೆ, ಮೂರು ಕೆ.ಜಿ. ಟೆಂಟ್ ಬೆನ್ನ ಮೇಲೆ ಬರುತ್ತೆ. ಗೂಟ ಇಳಿಯದ ಬಂಡೆಯಲ್ಲಿ ಕಡ್ಡಿ ಬಾಗಿಸಿ ತಾನೇ ನಿಲ್ಲುವ ಗುಮ್ಮಟದಂಥ ಟೆಂಟ್ ಇಟ್ಟು, ಹಗ್ಗಗಳನ್ನು ದಪ್ಪ ಕಲ್ಲುಗಳಿಗೆ ಬಿಗಿದರೆ ಸಾಕು.

ಶ್ರೀನಿವಾಸಪುರದ ಮಾವಿನ ತೋಪುಗಳಂತೂ ರೂಫ್‌ಟಾಪ್ ಟೆಂಟಿಗೆ ಹೇಳಿ ಮಾಡಿಸಿದ ವಿರೋಧಿಗಳು. ಕಸಿ ಮಾವಿನ ಕೊಂಬೆಗಳು ತಲೆಗೆ ತಾಗುವಷ್ಟು ಕೆಳಗೆ ಹರಡಿರುತ್ತವೆ. ಕಾರಿನ ಎತ್ತರ ಒಂದೂವರೆ ಮೀಟರ್, ಬಿಚ್ಚಿದ ಟೆಂಟ್ ಇನ್ನೊಂದು ಮೀಟರ್‌ಗೂ ಹೆಚ್ಚು. ಎಲ್ಲಿ ನಿಲ್ಲಿಸ್ತೀರಾ? ಹಾಗಂತ ಕೊಂಬೆ ಕಡಿದರೆ ತೋಟದವರು ಸುಮ್ನೆ ಬಿಡ್ತಾರಾ? ಮುಳಬಾಗಿಲು ದೋಸೆಯ ವಿಷಯವನ್ನೂ ಮರೆಯಬೇಡಿ. ಆವಣಿಯ ಹತ್ತಿರ ತಂಗಿ ಬೆಳಿಗ್ಗೆ ಊರಿಗೆ ಹೋಗಿ ದೋಸೆ ತಿಂದು ಬರೋಣ ಅಂದರೆ ಇಡೀ ಮನೆ ಮಡಚಿ ಕಟ್ಟಿಕೊಂಡೇ ಹೊರಡಬೇಕು. ನಡುರಾತ್ರಿ ಯಾರಾದರೂ ಕುಡಿದು ಬಂದು ತೊಂದರೆ ಕೊಟ್ಟರೂ ಅಷ್ಟೇ, ಏಣಿ ಇಳಿದು ಟೆಂಟ್ ಮಡಚದೆ ಕಾರು ಕದಲಿಸೋ ಹಾಗಿಲ್ಲ. ಹೆಣ್ಣುಮಕ್ಕಳ ಗುಂಪು ಹೊರಟರೆ ಇದನ್ನು ಮೊದಲು ಯೋಚಿಸಬೇಕು. ಸೀಟು ಮಡಚಿ ಕಾರಿನೊಳಗೇ ಮಲಗಿದವರು ಬೀಗ ಹಾಕಿಕೊಂಡು ಹಾಗೇ ಹೊರಟುಬಿಡಬಹುದು. ಇನ್ನು ಮಾಲೂರು, ಬಂಗಾರಪೇಟೆಯ ಕಡೆ ತಮಿಳುನಾಡಿನ ಕಾಡುಗಳಿಂದ ಆನೆಗಳು ಬಂದು ರೈತರ ಬೆಳೆ ತುಳಿಯುವುದುಂಟು. ಎತ್ತರದಲ್ಲಿ ಮಲಗಿದ್ದೇವೆ ಅನ್ನುವ ಧೈರ್ಯ ಆನೆಯ ಮುಂದೆ ನಡೆಯಲ್ಲ.

ಇಲ್ಲಿ ನಿಜವಾದ ತೊಂದರೆ ಎಂದರೆ ರಾತ್ರಿ ಇರಲು ಯಾರ ಜಾಗ, ಯಾರ ಅನುಮತಿ ಎನ್ನುವುದು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗಿ ಬೆಂಕಿ ಹಾಕುವುದು ಅಪರಾಧ. ಆವಣಿಯ ರಾಮಲಿಂಗೇಶ್ವರ ದೇವಾಲಯಗಳು ಸಂರಕ್ಷಿತ ಸ್ಮಾರಕ, ಅದರ ಅಂಗಳ ಕ್ಯಾಂಪಿಂಗ್ ಮೈದಾನ ಅಲ್ಲ. ತೋಪಿಗೆ ಒಡೆಯರಿದ್ದಾರೆ. ಹಣ್ಣಿನ ಕಾಲದಲ್ಲಿ ಕಾವಲಿನವರು ಅಲ್ಲೇ ಮಲಗಿರುತ್ತಾರೆ, ಕತ್ತಲಲ್ಲಿ ಬಂದು ನಿಂತ ಕಾರು ಅವರಿಗೆ ಮಾವು ಕದಿಯಲು ಬಂದ ಕಾರೇ. ಹೂ ಬಿಡುವ ಕಾಲದಲ್ಲಿ ಔಷಧಿ ಹೊಡೆದಿರುತ್ತಾರೆ. ನೀರಿನ ಕಷ್ಟವಂತೂ ಈ ಜಿಲ್ಲೆಯ ಹಳೇ ಕಥೆ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅನೇಕ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು. ಕೆರೆ ತುಂಬಿದೆ ಅಂತ ಅದರಲ್ಲಿ ಅನ್ನಕ್ಕೆ ಎಸರಿಡಬೇಡಿ, ಕ್ಯಾನ್ ತಗೊಂಡು ಹೋಗಿ. ಅನುಮತಿ, ನೀರು, ಶೌಚಾಲಯ ಈ ಮೂರರಲ್ಲಿ ಯಾವುದೂ ಕಾರಿನ ಮೇಲಿನ ಪೆಟ್ಟಿಗೆಯಲ್ಲಿ ಬರಲ್ಲ. ಎಲ್ಲಿ ಬೇಕಾದರೂ ಮಲಗಬಹುದು ಅನ್ನುವ ಭ್ರಮೆ ಮಾತ್ರ ಅದರ ಜೊತೆ ಬರುತ್ತೆ. ಅಂಥವರು ನಾಲ್ಕು ಜನ ಬಂದು ಬಾಟಲಿ ಬಿಸಾಕಿ ಹೋದರೆ, ಐದನೆಯ ಸಲ ಕೇಳಿಕೊಂಡು ಹೋದ ನಮಗೂ ಊರಿನವರು ಬಾಗಿಲು ಹಾಕುತ್ತಾರೆ.

ಹಾಗಾದರೆ ಯಾರಿಗೆ ಇದು ಲಾಭ? ಗಟ್ಟಿ ರೇಲ್ ಇರುವ ದೊಡ್ಡ ಗಾಡಿ ಉಳ್ಳವರಿಗೆ. ಲಡಾಖ್, ಸ್ಪಿತಿ ಕಡೆಗೆ ಎರಡು ಮೂರು ವಾರ ಹೊರಟು ದಿನಾ ತಂಗುದಾಣ ಬದಲಿಸುವವರಿಗೆ. ವರ್ಷಕ್ಕೆ ಮೂವತ್ತು ನಲವತ್ತು ರಾತ್ರಿ ಹೊರಗೇ ಕಳೆಯುವವರಿಗೆ. ಬೆಂಗಳೂರಿನಿಂದ ಕೋಲಾರ ಎಪ್ಪತ್ತು ಕಿಲೋಮೀಟರಿನೊಳಗೆ, ಅಲ್ಲಿಂದ ಮುಳಬಾಗಿಲು ಸುಮಾರು ಮೂವತ್ತು. ಇಷ್ಟು ದೂರದಲ್ಲಿ ದಿನಾ ಮನೆ ಬದಲಿಸುವ ಅಗತ್ಯ ಯಾರಿಗೂ ಬರಲ್ಲ.

ನಮ್ಮ ಸಲಹೆ ಇದು. ಇಬ್ಬರು ಮೂವರು ಮಲಗುವ ಸಾಧಾರಣ ಟೆಂಟ್ ಮೂರು ನಾಲ್ಕು ಸಾವಿರಕ್ಕೆ ಸಿಗುತ್ತೆ. ಕನ್ನಡ ಸಂಘದ ಹೆಸರಲ್ಲಿ ನಾಲ್ಕು ಟೆಂಟ್, ಹತ್ತು ಚಾಪೆ, ಎರಡು ದೊಡ್ಡ ಟಾರ್ಚ್ ಕೊಂಡು ಲೈಬ್ರರಿ ಪುಸ್ತಕದ ಹಾಗೆ ಎರವಲು ಕೊಡೋಣ. ಹತ್ತು ಜನಕ್ಕೆ ಆಗುವ ಈ ಸಾಮಾನಿಗೆ ಒಂದು ರೂಫ್‌ಟಾಪ್ ಟೆಂಟಿನ ಕಾಲು ಭಾಗ ದುಡ್ಡು ಸಾಕು. ಉಳಿದ ದುಡ್ಡಲ್ಲಿ ತೋಟದ ರೈತರಿಗೆ ರಾತ್ರಿಯ ಬಾಡಿಗೆ, ಅವರ ಮನೆಯ ಮುದ್ದೆ ಸಾರಿನ ಬೆಲೆ ಕೊಡೋಣ. ಕೋಲಾರ ಸೀಮೆಯ ಹುಡುಗ ಹುಡುಗಿಯರು ನಮ್ಮ ಕ್ಯಾಂಪಸ್‌ನಲ್ಲೇ ಬೇಕಾದಷ್ಟು ಜನ ಇದ್ದಾರೆ. ಯಾರದಾದರೂ ದೊಡ್ಡಪ್ಪನದೋ ಮಾವನದೋ ತೋಪು ಇದ್ದರೆ, ಹಣ್ಣು ಕಿತ್ತು ಮುಗಿದು ಮಳೆಯೂ ನಿಂತ ಡಿಸೆಂಬರ್ ಮೊದಲ ವಾರಕ್ಕೆ ಒಂದು ಮಾತು ಕೇಳಿ ನೋಡಿ. ಅವರು ಹ್ಞೂಂ ಅಂದ ದಿನ ಸಂಘಕ್ಕೆ ತಿಳಿಸಿ. ಟೆಂಟ್ ಹೊರುವವರ ಪಟ್ಟಿ ಆಮೇಲೆ ಮಾಡೋಣ.