ಸೋಲೇ ಗೆಲುವಿನ ಸೋಪಾನವೇ?



“ಸೋಲೇ ಗೆಲುವಿನ ಸೋಪಾನ” ಎಂಬ ಮಾತು ನಮಗೆಲ್ಲ ಬಾಯಿಪಾಠ ಆಗಿದೆ. ಪಂದ್ಯಾಟದಲ್ಲಿ ಸೋತು ಬಂದರೂ ಅದೇ ಮಾತು, ಗಣಿತದಲ್ಲಿ ಮಾರ್ಕು ಕಡಿಮೆ ಬಂದರೂ ಅದೇ ಮಾತು. ಆದರೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಉಂಟು. ಸೋಲು ತಾನಾಗಿಯೇ ಮೆಟ್ಟಿಲಾಗುವುದಿಲ್ಲ. ಅಂಗಳದಲ್ಲಿ ಬಿದ್ದ ಕೆಂಪುಕಲ್ಲು ಕಾಲಿಗೆ ಎಡವುತ್ತದೆ ಅಷ್ಟೆ. ಅದನ್ನು ಎತ್ತಿ ಸರಿಯಾದ ಜಾಗದಲ್ಲಿ ಕಟ್ಟಿದರೆ ಮಾತ್ರ ಮೆಟ್ಟಿಲು. ಇದಕ್ಕೆ ಉದಾಹರಣೆಯಾಗಿ ನಮ್ಮ ಬೆಂಗಳೂರಿನ ಮಹಿಳಾ ಕ್ರಿಕೆಟ್ ತಂಡದ ಕಥೆಯನ್ನು ಬರೆಯುತ್ತಿದ್ದೇನೆ.

ಆರ್‌ಸಿಬಿ ಎಂದ ಕೂಡಲೇ ನಮ್ಮ ಕ್ಲಾಸಿನ ಹುಡುಗರು “ಕೊಹ್ಲಿ, ಕೊಹ್ಲಿ” ಎನ್ನುತ್ತಾರೆ. ಆದರೆ ಆ ಹೆಸರಿಗೆ ಮೊದಲ ಕಪ್ ತಂದುಕೊಟ್ಟವರು ಹೆಂಗಸರು, 2024ರಲ್ಲಿ. ಗಂಡಸರ ತಂಡ ಐಪಿಎಲ್ ಗೆದ್ದದ್ದು ಮರುವರ್ಷ 2025ರಲ್ಲಿ, ಅದೂ 18ನೇ ಸಲದಲ್ಲಿ. ಇದನ್ನು ಹುಡುಗರು ದಯವಿಟ್ಟು ನೆನಪಿಡಬೇಕು!

ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾದದ್ದು 2023ರಲ್ಲಿ. ಆಗ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ, 3 ಕೋಟಿ 40 ಲಕ್ಷ ರೂಪಾಯಿ, ಸ್ಮೃತಿ ಮಂಧಾನ ಅವರಿಗೆ. ಅವರೇ ಬೆಂಗಳೂರು ತಂಡದ ನಾಯಕಿ. ಆಸ್ಟ್ರೇಲಿಯಾದ ಎಲಿಸ್ ಪೆರ್ರಿ, ನ್ಯೂಜಿಲೆಂಡಿನ ಸೋಫಿ ಡಿವೈನ್, ಬಂಗಾಳದ ರಿಚಾ ಘೋಷ್ ಎಲ್ಲರೂ ಇದ್ದರು. ಹೆಸರು ನೋಡಿದರೆ ಕಪ್ ಇವರಿಗೇ ಎನ್ನಬೇಕು. ಆದದ್ದೆಂತ? ಮೊದಲ ಐದು ಪಂದ್ಯಗಳೂ ಸೋಲು. ಎಂಟು ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಐದು ತಂಡಗಳಲ್ಲಿ ನಾಲ್ಕನೇ ಸ್ಥಾನ. ಸ್ಮೃತಿಯವರು ಎಂಟು ಪಂದ್ಯ ಆಡಿ ಮಾಡಿದ ಒಟ್ಟು ರನ್ 149. ಜನ ನಗಾಡಿದರು.

ಮರುವರ್ಷ ತಂಡದವರು ಏನು ಮಾಡಿದರು ಎಂಬುದೇ ಮುಖ್ಯ. ಸೋತವರನ್ನೆಲ್ಲ ಮನೆಗೆ ಕಳಿಸಲಿಲ್ಲ. ನಾಯಕಿ ಅವರೇ. ಪೆರ್ರಿ, ಡಿವೈನ್, ರಿಚಾ ಅವರೇ. ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್, ಕೇರಳದ ಆಶಾ ಶೋಭನಾ ಇವರೂ ಮೊದಲ ವರ್ಷ ಸೋತ ತಂಡದಲ್ಲಿ ಇದ್ದವರೇ. ಹೊಸಬರೂ ಬಂದರು, ಸುಳ್ಳು ಹೇಳಬಾರದು. ಕೋಚ್ ಬದಲಾದರು. ಆಸ್ಟ್ರೇಲಿಯಾದ ಸೋಫಿ ಮೊಲಿನೊ ಮತ್ತು ಜಾರ್ಜಿಯಾ ವೇರ್‌ಹ್ಯಾಮ್ ಎಂಬ ಇಬ್ಬರು ಸ್ಪಿನ್ ಹಾಕುವವರು ಸೇರಿದರು. ಅಂದರೆ ಎಲ್ಲಿ ಕೊರತೆ ಉಂಟೋ ಅಲ್ಲಿಗೆ ಮಾತ್ರ ಜನ ತಂದು, ಉಳಿದವರಿಗೆ ಸರಿಯಾದ ಕೆಲಸ ಕೊಟ್ಟರು.

ಅದರ ಫಲ ಮೊದಲ ಪಂದ್ಯದಲ್ಲೇ ಕಂಡಿತು. ಉತ್ತರ ಪ್ರದೇಶದ ತಂಡದ ಮೇಲೆ ಎರಡೇ ರನ್ನಿನ ಗೆಲುವು. ಆಶಾ ಶೋಭನಾ 22 ರನ್ ಕೊಟ್ಟು 5 ವಿಕೆಟ್ ತೆಗೆದರು. ಈ ಲೀಗಿನಲ್ಲಿ ಐದು ವಿಕೆಟ್ ತೆಗೆದ ಮೊದಲ ಭಾರತೀಯಳು ಅವರು. ಅವರಿಗೆ ಆಗ ಮೂವತ್ತು ದಾಟಿತ್ತು, ಭಾರತ ತಂಡಕ್ಕೆ ಇನ್ನೂ ಆಡಿರಲಿಲ್ಲ. ಇಂಥವರನ್ನು “ಇನ್ನು ಎಂತಕ್ಕೆ?” ಎಂದು ಮೊದಲ ವರ್ಷವೇ ಬಿಟ್ಟಿದ್ದರೆ ಈ ಪಂದ್ಯ ಹೋಗುತ್ತಿತ್ತು.

ಕೆಲವರು ಹೇಳಬಹುದು, “ಪೆರ್ರಿ ಒಬ್ಬರೇ ಗೆಲ್ಲಿಸಿದ್ದು ಮಾರಾಯ್ತಿ” ಅಂತ. ಅವರು ಆ ವರ್ಷ ಎಲ್ಲರಿಗಿಂತ ಹೆಚ್ಚು, 347 ರನ್ ಮಾಡಿದ್ದು ನಿಜ. ಮುಂಬೈ ಮೇಲಿನ ಎಲಿಮಿನೇಟರ್ ಪಂದ್ಯದಲ್ಲಿ ತಂಡದ 135 ರನ್ನಿನಲ್ಲಿ 66 ಅವರದ್ದೇ. ಆದರೆ ಅದೇ ಪಂದ್ಯದ ಕೊನೆಯ ಓವರಿನಲ್ಲಿ ಮುಂಬೈಗೆ ಬೇಕಾದದ್ದು 12 ರನ್. ಆಗ ನಾಯಕಿ ಚೆಂಡು ಕೊಟ್ಟದ್ದು ಯಾರಿಗೆ? ಆಶಾ ಶೋಭನಾರಿಗೆ. ಬೆಂಗಳೂರು 5 ರನ್ನಿನಿಂದ ಗೆದ್ದಿತು. ಒಬ್ಬರು ಗದ್ದೆ ಉತ್ತರೆ ಸಾಲದು. ನೇಜಿ ನೆಡುವುದಕ್ಕೂ ಕೊಯ್ಯುವುದಕ್ಕೂ ಜನ ಬೇಕಲ್ಲ?

ಫೈನಲ್ ನಡೆದದ್ದು 2024 ಮಾರ್ಚ್ 17ರಂದು ದೆಹಲಿಯಲ್ಲಿ, ದೆಹಲಿ ತಂಡದ ಎದುರು, ಅವರದ್ದೇ ಮೈದಾನದಲ್ಲಿ. ಏಳು ಓವರ್ ಆಗುವಾಗ ದೆಹಲಿ ವಿಕೆಟ್ ಬೀಳದೆ 64. ಮನೆಯಲ್ಲಿ ಎಲ್ಲರೂ “ಮುಗಿಯಿತು, ಮಲಗಿ” ಎಂದರು. ಎಂಟನೇ ಓವರಿನಲ್ಲಿ ಮೊಲಿನೊ ಮೂರು ವಿಕೆಟ್ ಕಿತ್ತರು. ಆಮೇಲೆ ಶ್ರೇಯಾಂಕಾ, ಆಶಾ. 64ಕ್ಕೆ ಒಂದೂ ಬೀಳದ ತಂಡ 113ಕ್ಕೆ ಆಲೌಟ್! ಶ್ರೇಯಾಂಕಾ 12 ರನ್ನಿಗೆ 4, ಮೊಲಿನೊ 3, ಆಶಾ 2, ಒಂದು ರನ್‌ಔಟ್. ಅಂದರೆ ಚೆಂಡಿಗೆ ಬಿದ್ದ ಒಂಬತ್ತೂ ವಿಕೆಟ್ ಸ್ಪಿನ್ನಿಗೇ. ಆಮೇಲೆ ಬ್ಯಾಟು ಹಿಡಿದವರೂ ಅವಸರ ಮಾಡಲಿಲ್ಲ. ಸ್ಮೃತಿ 31, ಡಿವೈನ್ 32, ಪೆರ್ರಿ ಔಟಾಗದೆ 35. ಇನ್ನು ಮೂರು ಚೆಂಡು ಇರುವಾಗ ರಿಚಾ ಬೌಂಡರಿ ಹೊಡೆದು ಮುಗಿಸಿದರು. ಮೊದಲ ವರ್ಷ 149 ರನ್ ಮಾಡಿದ ನಾಯಕಿ ಈ ವರ್ಷ ಸರಿಯಾಗಿ 300 ಮಾಡಿದ್ದರು. ಶ್ರೇಯಾಂಕಾ 13 ವಿಕೆಟ್ ತೆಗೆದು ಲೀಗಿನಲ್ಲೇ ಮೊದಲಿಗರು. ಅವರಿಗೆ ಆಗ ವಯಸ್ಸು 21.

ಹಾಗಾದರೆ ಒಮ್ಮೆ ಗೆದ್ದರೆ ಸಾಕೋ? ಅದೂ ಅಲ್ಲ. 2025ರಲ್ಲಿ ಶ್ರೇಯಾಂಕಾ, ಆಶಾ, ಮೊಲಿನೊ ಮೂವರೂ ಗಾಯದಿಂದ ಆಡಲಿಲ್ಲ. ತಂಡ ಪುನಃ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಕಪ್ ತಂದದ್ದು ಯಾರ ಕೆಲಸ ಎಂಬುದು ಅವರು ಇಲ್ಲದಾಗ ಎಲ್ಲರಿಗೂ ಗೊತ್ತಾಯಿತು.

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ವಲಯ ಮಟ್ಟದ ಪಂದ್ಯಾಟದಲ್ಲಿ ನಮ್ಮ ಹುಡುಗಿಯರ ತ್ರೋಬಾಲ್ ತಂಡ ಮೊದಲ ಆಟದಲ್ಲೇ ಸೋತಿತು. ಈ ವರ್ಷ “ಹಳಬರು ಬೇಡ, ಎಲ್ಲ ಹೊಸಬರನ್ನು ಹಾಕುವ” ಎಂಬ ಮಾತು ಕೇಳಿಬರುತ್ತಾ ಉಂಟು. ನನಗೆ ಇದು ಸರಿ ಕಾಣುವುದಿಲ್ಲ. ಸೋತವರಿಗೆ ಎಲ್ಲಿ ತಪ್ಪಿತು ಎಂದು ಗೊತ್ತುಂಟು. ಹೊಸಬರು ಅದನ್ನು ಮೊದಲಿನಿಂದ ಸೋತೇ ಕಲಿಯಬೇಕು. ಒಬ್ಬಳ ಸರ್ವಿಸ್ ಚೆಂದ, ಆದರೆ ಅವಳನ್ನು ಹಿಂದೆ ಒಂದು ಮೂಲೆಯಲ್ಲಿ ಕ್ಯಾಚಿಗೆ ನಿಲ್ಲಿಸಿದರು. ಎತ್ತರದವಳು ನೆಟ್ಟಿನ ಹತ್ತಿರ ಇರಲೇ ಇಲ್ಲ. ಇದು ಆಟಗಾರ್ತಿಯರ ದೋಷವೋ, ಜಾಗದ ದೋಷವೋ?

ಆದ್ದರಿಂದ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ನನ್ನ ವಿನಂತಿ ಮೂರು. ಒಂದು, ಹಳೆಯ ತಂಡದವರನ್ನು ಕರೆದು ಯಾರಿಗೆ ಯಾವ ಜಾಗ ಸರಿ ಎಂದು ಅವರನ್ನೇ ಕೇಳಬೇಕು. ಎರಡು, ಕೊರತೆ ಇರುವ ಒಂದೆರಡು ಜಾಗಕ್ಕೆ ಮಾತ್ರ ಹೊಸಬರನ್ನು ತೆಗೆದುಕೊಳ್ಳಬೇಕು. ಮೂರು, ವಾರದಲ್ಲಿ ಎರಡು ದಿನ ಸಂಜೆ ಮೈದಾನವನ್ನು ಹುಡುಗಿಯರಿಗೆ ಬಿಟ್ಟುಕೊಡಬೇಕು. ಹುಡುಗರ ಕ್ರಿಕೆಟಿನ ಬೌಂಡರಿ ಗೆರೆಯ ಆಚೆ ನಿಂತು ಚೆಂಡು ಹೆಕ್ಕಿ ಕೊಡುವುದು ಅಭ್ಯಾಸ ಆಗುವುದಿಲ್ಲ.

“ನಮ್ಮ ಹಳ್ಳಿ ಹುಡುಗಿಯರಿಗೆ ಇದೆಲ್ಲ ಎಂತಕ್ಕೆ?” ಎನ್ನುವವರಿಗೆ ಒಂದು ಮಾತು. ನಮ್ಮ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು ವೇದಾ ಕೃಷ್ಣಮೂರ್ತಿ. 2017ರ ವಿಶ್ವಕಪ್ ಫೈನಲಿನಲ್ಲಿ ಭಾರತಕ್ಕೆ ಆಡಿ 35 ರನ್ ಮಾಡಿದರು. ಆ ದಿನ ಭಾರತ 9 ರನ್ನಿನಿಂದ ಸೋತಿತು. 2025ರ ನವೆಂಬರಿನಲ್ಲಿ ಭಾರತದ ಮಹಿಳೆಯರು ವಿಶ್ವಕಪ್ ಗೆದ್ದರು. ನಡುವಿನ ಎಂಟು ವರ್ಷ ಯಾರೂ ಸುಮ್ಮನೆ ಕೂತಿರಲಿಲ್ಲ.

ಸೋಲು ಸೋಪಾನ ಆಗಬೇಕಾದರೆ ಅದನ್ನು ಕಟ್ಟುವ ಕೈ ಬೇಕು, ಕಟ್ಟಲು ಸಮಯ ಬೇಕು. ಇದು ನನ್ನ ಅನಿಸಿಕೆ. ಒಪ್ಪದವರು ಹಿಂದಿನಿಂದ ಮಾತಾಡದೆ ಮುಂದಿನ ಸಂಚಿಕೆಗೆ ಬರೆದು ಕೊಡಿ. ಓದಲು ನಾನು ತಯಾರಿದ್ದೇನೆ.

– ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ