ಗಾಡಿ ಕೊಟ್ಟಾಯ್ತು, ಬೀಳದಂತೆ ನೋಡಿಕೊಳ್ಳೋರು ಯಾರು?

ಶಾಮಿಯಾನ, ಸಾಲಾಗಿ ನಿಲ್ಲಿಸಿದ ತ್ರಿಚಕ್ರ ಸ್ಕೂಟರ್‌ಗಳು, ಗಣ್ಯರ ಕೈಯಿಂದ ಕೀಲಿ, ಒಂದು ಫೋಟೊ. ವಿಕಲಚೇತನರಿಗೆ ಸ್ಕೂಟರ್, ಗಾಲಿಕುರ್ಚಿ ವಿತರಣೆ ಅಂದ್ರೆ ಯಾವ ತಾಲ್ಲೂಕಿನಲ್ಲೂ ಹೆಚ್ಚುಕಮ್ಮಿ ಇದೇ ದೃಶ್ಯ. ಯೋಜನೆ ಒಳ್ಳೆಯದೇ, ಎರಡು ಮಾತಿಲ್ಲ. ಆದರೆ ಗಾಡಿ ಹತ್ತೋದು ಹೇಗೆ, ಇಳಿಯೋದು ಹೇಗೆ, ಎಲ್ಲಿ ಮಗುಚುತ್ತೆ ಅಂತ ಹೇಳಿಕೊಡುವ ಕೆಲಸ ಮಾತ್ರ ಆ ಪಟ್ಟಿಯಲ್ಲಿ ಕಾಣಿಸೋದು ಅಪರೂಪ.

ಬೀಳೋದು ಅಂದ ತಕ್ಷಣ ನಮಗೆ ರಸ್ತೆ ಅಪಘಾತ ನೆನಪಾಗುತ್ತೆ. ಆದರೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ದಾಟುವಾಗ, ಅಂದ್ರೆ ಗಾಡಿ ನಿಂತಿರುವಾಗಲೇ ಜನ ಬೀಳ್ತಾರೆ. ಗಾಲಿಕುರ್ಚಿಯ ಸಾಮಾನ್ಯ ಬ್ರೇಕು ಟೈರನ್ನು ಒತ್ತಿ ಹಿಡಿಯುವಂಥದ್ದು. ಟೈರು ಸವೆದಿದ್ದರೆ, ಗಾಳಿ ಕಮ್ಮಿಯಾಗಿದ್ದರೆ ಬ್ರೇಕ್ ಹಾಕಿದ್ರೂ ಕುರ್ಚಿ ಜಾರುತ್ತೆ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ. ಪಾದ ಇಡುವ ಹಲಗೆಯ ಮೇಲೆ ಭಾರ ಬಿಟ್ಟು ಏಳಲು ಹೋದರೆ ಕುರ್ಚಿ ಮುಂದಕ್ಕೆ ಮಗುಚುತ್ತೆ. ಬೆನ್ನ ಹಿಂದೆ ರೇಷನ್ ಚೀಲ ನೇತುಹಾಕಿ ಏರು ಹತ್ತಿದರೆ ಹಿಂದಕ್ಕೆ. ಇನ್ನು ಸಹಾಯಕ್ಕೆ ಬಂದವರು ಕೈ ಇಡುವ ಭಾಗ ಹಿಡಿದು ಎತ್ತುತ್ತಾರೆ. ಕೆಲವು ಕುರ್ಚಿಗಳಲ್ಲಿ ಅದು ಕಳಚುವಂಥದ್ದು, ಕೈಗೇ ಬಂದುಬಿಡುತ್ತೆ. ಎತ್ತಲೇಬೇಕಾದರೆ ಕಳಚದ ಚೌಕಟ್ಟು ಯಾವುದು ಅಂತ ಕುರ್ಚಿಯಲ್ಲಿ ಕೂತವರನ್ನೇ ಕೇಳಿ, ಅದನ್ನು ಹಿಡಿಯಿರಿ.

ಬಿದ್ದರೆ ಏನು ಮಹಾ, ಎತ್ತಿ ಕೂರಿಸಿದ್ರಾಯ್ತು ಅನ್ನೋರಿದ್ದಾರೆ. ಬೆನ್ನುಹುರಿ ಪೆಟ್ಟಾಗಿ ವರ್ಷಗಟ್ಟಲೆ ಕೂತೇ ಇರುವವರ ಕಾಲಿನ ಮೂಳೆ ಟೊಳ್ಳಾಗಿರುತ್ತೆ. ಸಣ್ಣ ಬೀಳಿಗೂ ಮಂಡಿಯ ಹತ್ತಿರ ಮುರಿಯಬಹುದು. ಸ್ಪರ್ಶಜ್ಞಾನ ಇಲ್ಲದಿದ್ದರೆ ನೋವೂ ಗೊತ್ತಾಗಲ್ಲ. ಬಿದ್ದ ಮೇಲೆ ಕಾಲು ಊದಿದರೆ, ಬಿಸಿಯಾದರೆ, ಸೆಳೆತ ಜಾಸ್ತಿಯಾದರೆ ‘ನೋವಿಲ್ವಲ್ಲ’ ಅಂತ ಸುಮ್ಮನಿರದೆ ಎಕ್ಸ್‌ರೇ ತೆಗೆಸಬೇಕು.

ಸ್ಕೂಟರ್ ಕಥೆ ಬೇರೆ. ಹಿಂದೆ ಎರಡು ಪಕ್ಕದ ಚಕ್ರ ಇದೆ ಅಂತ ಧೈರ್ಯ ಮಾಡಿ ತಿರುವಿನಲ್ಲಿ ವೇಗವಾಗಿ ತಿರುಗಿಸಿದರೆ ಒಂದು ಕಡೆ ಎದ್ದುಬಿಡುತ್ತೆ, ಇದು ಬೈಕಿನ ಹಾಗೆ ವಾಲಿಕೊಂಡು ತಿರುಗುವ ಗಾಡಿಯಲ್ಲ. ಡಾಂಬರಿನ ಅಂಚು ಕಿತ್ತುಹೋದ ಕಡೆ ಎಡಗಡೆ ಚಕ್ರ ಇಳಿದರೂ ಅಪಾಯವೇ. ಗೇರಿಲ್ಲದ ಗಾಡಿ ಆದ್ದರಿಂದ ಇಂಜಿನ್ ಆನ್ ಇಟ್ಟುಕೊಂಡು ಹತ್ತಲು ಹೋಗಿ ಆಸರೆಗೆ ಹ್ಯಾಂಡಲ್ ಹಿಡಿದರೆ ಎಕ್ಸಲರೇಟರ್ ತಿರುಗಿ ಗಾಡಿ ಮುಂದಕ್ಕೆ ಹಾರುತ್ತೆ. ಕೀ ಆಫ್, ಪಾರ್ಕಿಂಗ್ ಬ್ರೇಕ್, ಆಮೇಲೆ ಹತ್ತೋದು ಇಳಿಯೋದು. ಹೆಲ್ಮೆಟ್ಟೂ ಬೇಕು.

ಇಷ್ಟು ಬಳಸುವವರ ಕೈಲಿದೆ. ರ‍್ಯಾಂಪ್ ಅವರ ಕೈಲಿಲ್ಲ.

ಲೆಕ್ಕ ಸುಲಭ: 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು. ಕಚೇರಿ ಮುಂದೆ 6 ಇಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ ಬೇಕು. ಆದರೆ ಎಷ್ಟೋ ಕಡೆ ಏಳೆಂಟು ಅಡಿಗೆ ಮುಗಿಸಿ, ಮೇಲೆ ನುಣುಪು ಟೈಲ್ಸ್ ಹಾಕಿ, ಕಂಬಿ ಮರೆತು ಬಿಲ್ ಪಾಸ್ ಮಾಡ್ತಾರೆ. ಕೆಳಗೆ ಯಾರದೋ ಬೈಕ್ ನಿಂತಿರುತ್ತೆ. ಅಂಥ ರ‍್ಯಾಂಪ್ ಇರೋದಕ್ಕಿಂತ ಇಲ್ಲದಿರೋದೇ ವಾಸಿ ಅಂತ ನನಗನಿಸುತ್ತೆ. ಮೆಟ್ಟಿಲಿದ್ದರೆ ಮನುಷ್ಯ ನಿಂತು ಸಹಾಯ ಕೇಳ್ತಾನೆ, ಕಡಿದಾದ ಇಳಿಜಾರು ನಂಬಿಸಿ ಬೀಳಿಸುತ್ತೆ. ಇಳಿಯಲೇಬೇಕಾಗಿ ಬಂದರೆ ಕುರ್ಚಿಯನ್ನು ಹಿಮ್ಮುಖವಾಗಿ, ಹಿಂದೆ ಗಟ್ಟಿಯಾದವರೊಬ್ಬರು ತಡೆದುಕೊಂಡೇ ಇಳಿಸಬೇಕು.

ಕಾನೂನು ಇಲ್ಲವೇ? ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಗೆ 2017ರಲ್ಲಿ ನಿಯಮ ಬಂದವು. ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನು 5 ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕಿತ್ತು. ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಬಿಟ್ಟಿದ್ದ ನಿಯಮವನ್ನೇ ರದ್ದು ಮಾಡಿ, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ 3 ತಿಂಗಳ ಗಡುವು ಕೊಟ್ಟಿತು.

ದುಡ್ಡಿನ ನೆಪ ಹೇಳೋದೂ ಕಷ್ಟ. ಸ್ಥಳೀಯ ಸಂಸ್ಥೆಗಳು ಅನುದಾನದಲ್ಲಿ ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕು. ಆ ಹಣದಲ್ಲಿ ಸಾಧನ ಹಂಚುವಾಗಲೇ ಫಲಾನುಭವಿಯ ಬಚ್ಚಲಿಗೊಂದು ಗಟ್ಟಿ ಕಂಬಿ, ಹೊಸ್ತಿಲಿಗೊಂದು ಸರಿಯಾದ ಇಳಿಜಾರು, ವರ್ಷಕ್ಕೊಮ್ಮೆ ಬ್ರೇಕು-ಟೈರು ತಪಾಸಣೆ ಸೇರಿಸಿ ಅಂತ ಗ್ರಾಮಸಭೆಯಲ್ಲಿ ಕೇಳಬಹುದು. ಮನೆ ಮನೆ ತಿಳಿದಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯ್ತಿಯಲ್ಲೇ ಇದ್ದಾರೆ. ಕ್ರಿಯಾಯೋಜನೆ ಅಂತಿಮವಾಗುವ ಮೊದಲೇ ಅವರ ಮೂಲಕ ಅರ್ಜಿ ಕೊಡಿ, ಸ್ವೀಕೃತಿ ಪತ್ರ ಮರೆಯದೆ ಇಸ್ಕೊಳ್ಳಿ.